ಕಂಡವರ ಕರ್ತವ್ಯ

"ಊರ ಉಸಾಬರಿ ನಮಗೇಕೆ?" ಎಂಬ ಮಾತು ನಮ್ಮ ನಾಡಿನಲ್ಲಿ ಬಹು ಹಳೆಯದು. ಪರರ ಮನೆಯ ವಿಚಾರದಲ್ಲಿ ತಲೆಹಾಕದಿರುವುದು ಸಜ್ಜನಿಕೆಯ ಲಕ್ಷಣವೆಂದು ನಮ್ಮ ಹಿರಿಯರು ನಮಗೆ ಕಲಿಸಿದ್ದಾರೆ. ಅನೇಕ ಸಂದರ್ಭಗಳಲ್ಲಿ ಅದು ನಿಜವೂ ಹೌದು. ಗಂಡಹೆಂಡಿರ ಸಣ್ಣ ಮಾತು, ಅಣ್ಣತಮ್ಮಂದಿರ ಆಸ್ತಿಯ ಪಾಲು, ಅತ್ತೆಸೊಸೆಯರ ಮುನಿಸು ಮೊದಲಾದವುಗಳಲ್ಲಿ ಹೊರಗಿನವರು ಬಾಯಿ ಹಾಕದಿದ್ದರೇ ಕ್ಷೇಮ. ಆದರೆ ಈ ಒಳ್ಳೆಯ ನಿಯಮಕ್ಕೆ ಒಂದು ಅಪವಾದವುಂಟು. ನೋಯುತ್ತಿರುವುದು ಒಂದು ಮಗುವಾಗಿದ್ದರೆ ಆ ನಿಯಮವು ಅಲ್ಲಿಗೆ ಅನ್ವಯಿಸುವುದಿಲ್ಲ. ದೊಡ್ಡವರು ತಮ್ಮ ಕಷ್ಟವನ್ನು ಪಂಚರ ಮುಂದೆ ಹೇಳಿಕೊಳ್ಳಬಲ್ಲರು, ತವರಿಗೆ ಹೋಗಬಲ್ಲರು, ವಕೀಲರನ್ನು ಕಂಡು ಅರ್ಜಿ ಬರೆಸಬಲ್ಲರು. ಮಗುವಿಗೆ ಇವು ಯಾವುವೂ ಸಾಧ್ಯವಿಲ್ಲ. ಅನ್ನ ಹಾಕುವ ಕೈಯೇ ನೋಯಿಸುವ ಕೈಯೂ ಆದಾಗ ಮಗು ಯಾರ ಬಳಿಗೆ ಹೋಗಿ ದೂರು ಹೇಳೀತು? ಕಂಡವರು ಹೇಳದಿದ್ದರೆ ಅಲ್ಲಿ ಹೇಳುವವರೇ ಇಲ್ಲ.

ಓದುಗ ಮಹನೀಯರೇ, ಈ ಪತ್ರಿಕೆಯನ್ನು ಓದುವ ತಮ್ಮಲ್ಲಿ ಬಹುಮಂದಿ ಒಂದಲ್ಲ ಒಂದು ಕಾಲದಲ್ಲಿ ಮಠದ ಪ್ರಸಾದ ನಿಲಯದಲ್ಲಿ ಉಂಡು, ಅಲ್ಲಿಯೇ ಮಲಗಿ, ಅಕ್ಷರ ಕಲಿತವರು. ನಾನೂ ಅಂಥವರಲ್ಲಿ ಒಬ್ಬ. ಶಿವಮೊಗ್ಗದಲ್ಲಿ ಓದಿ, ಭದ್ರಾವತಿಯಲ್ಲಿ ಉಪಾಧ್ಯಾಯನಾಗಿ ಜೀವನ ಸಾಗಿಸಿ, ಈಗ ನಿವೃತ್ತಿಯಲ್ಲಿರುವವನು. ಹೆತ್ತವರಿಂದ ದೂರವಿದ್ದ ನಮ್ಮನ್ನು ಪರರು ಮಕ್ಕಳಂತೆ ನೋಡಿಕೊಂಡರು ಎಂಬ ಒಂದೇ ಕಾರಣದಿಂದ ನಾವು ಇಂದು ಮನುಷ್ಯರಾಗಿ ನಿಂತಿದ್ದೇವೆ. ಆದಕಾರಣ, ಪರರ ಮಗು ನಮಗೇನು ಸಂಬಂಧ ಎಂದು ಕೇಳುವ ಅಧಿಕಾರ ಉಳಿದವರಿಗೆ ಇದ್ದರೂ ಇರಬಹುದು, ನಮಗಂತೂ ಇಲ್ಲ. ಮಗುವೊಂದು ಹಿಂಸೆಗೆ ಗುರಿಯಾಗಿದೆಯೆಂಬ ಸಂಶಯ ಬಂದಾಗ ಅದನ್ನು ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸುವುದು ನಮ್ಮ ಕರ್ತವ್ಯ. ಅದನ್ನು ಸಿದ್ಧಪಡಿಸಿ ತೋರಿಸುವುದು ನಮ್ಮ ಕರ್ತವ್ಯವಲ್ಲ. ಈ ಎರಡನ್ನು ಬೇರ್ಪಡಿಸಿ ತಿಳಿಯದಿರುವುದರಿಂದಲೇ ಸಜ್ಜನರು ಮೌನವಾಗುತ್ತಾರೆ ಎಂಬುದು ನನ್ನ ಅನುಭವ. ಆ ಮಾತನ್ನೇ ಇಲ್ಲಿ ತಮ್ಮಲ್ಲಿ ವಿಜ್ಞಾಪಿಸಿಕೊಳ್ಳಲು ಹೊರಟಿದ್ದೇನೆ.

ಭದ್ರಾವತಿಯನ್ನು ಬಲ್ಲವರಿಗೆ ಅಲ್ಲಿನ ಕಾರ್ಮಿಕರ ಕ್ವಾರ್ಟರ್ಸುಗಳು ಗೊತ್ತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ 1936ರಲ್ಲಿ ಸ್ಥಾಪನೆಗೊಂಡ ಕಾಗದದ ಕಾರ್ಖಾನೆಯೂ ಊರಿಗೆ ಅನ್ನವನ್ನು ಕೊಟ್ಟಂತೆಯೇ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲುಗಳನ್ನೂ ಕೊಟ್ಟವು. ಒಂದು ಗೋಡೆ, ಅದರ ಎರಡು ಕಡೆ ಎರಡು ಸಂಸಾರ. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯಲ್ಲಿ ಸೀನು. ಯಾರ ಮನೆಯಲ್ಲಿ ಯಾರು ನಕ್ಕರು, ಯಾರು ಅತ್ತರು ಎಂಬುದು ಇಡೀ ಸಾಲಿಗೇ ತಿಳಿಯುತ್ತದೆ. ಹೀಗಿದ್ದೂ ಮಗುವಿನ ಅಳು ಮಾತ್ರ ಯಾರ ಕಿವಿಗೂ ಬಿದ್ದಿರುವುದಿಲ್ಲ! ಮರುದಿನ ನಲ್ಲಿಯ ಬಳಿ ಹೆಂಗಸರು ಆ ವಿಷಯವನ್ನು ಪಿಸುಮಾತಿನಲ್ಲಿ ಆಡಿಕೊಳ್ಳುತ್ತಾರೆ. ಗಂಡಸರು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿಯುತ್ತಾರೆ.

ಅಂಥದೊಂದು ಸಾಲಿನ ಸಂಗತಿಯನ್ನು ಹೇಳುತ್ತೇನೆ. ಅದು ನಡೆದದ್ದು ನಾನು ನಿವೃತ್ತನಾಗುವುದಕ್ಕೆ ಒಂದೆರಡು ವರ್ಷ ಮೊದಲು. ಅಲ್ಲಿಯ ಒಂದು ಮನೆಯವರು ದೂರದ ಹಳ್ಳಿಯಿಂದ ಒಂಬತ್ತು ಹತ್ತು ವರ್ಷದ ಹುಡುಗಿಯೊಬ್ಬಳನ್ನು, ಓದಿಸುತ್ತೇವೆಂದು ಹೇಳಿ, ಕರೆತಂದಿದ್ದರು. ಹುಡುಗಿ ಶಾಲೆಯ ಮುಖ ಕಾಣಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಮುಸುರೆ ತಿಕ್ಕುವುದು, ನೀರು ತರುವುದು, ಮಗುವನ್ನು ಎತ್ತಿಕೊಳ್ಳುವುದು. ಇದನ್ನು ಸಾಲಿನವರೆಲ್ಲರೂ ಕಂಡಿದ್ದರು. ಒಂದು ದಿನ ಬೆಳಿಗ್ಗೆ, ಮನೆಮನೆಗೆ ಸೊಪ್ಪು ಮಾರುತ್ತಿದ್ದ ಮುದುಕಿಯೊಬ್ಬಳು ನಮ್ಮ ಮನೆಯ ಜಗಲಿಯ ಮೇಲೆ ಬುಟ್ಟಿ ಇಳಿಸಿ, "ಮೇಷ್ಟ್ರೇ, ಒಂದು ಮಾತು" ಎಂದಳು. ಆ ಹುಡುಗಿಗೆ ಸೊಪ್ಪಿನ ಕಟ್ಟು ಕೊಡುವಾಗ ಅವಳ ತೋಳನ್ನು ಕಂಡಿದ್ದಳು.

"ಒಲೆ ತಾಗಿಬಿಡ್ತು ಅಜ್ಜಿ ಅಂತು ಮಗು. ನಂಗೆ ಅಕ್ಷರ ಬರಲ್ಲ ಮೇಷ್ಟ್ರೇ. ಆದ್ರೆ ಒಲೆ ಮುಂದೆ ಐವತ್ತು ವರ್ಷ ಕೂತಿದೀನಿ. ಒಲೆ ತಾಗಿದ್ದು ಒಂದು ಕಡೆ ಇರ್ತದೆ. ಇದು ಸಾಲಾಗೈತೆ. ಬರೆ ಎಳೆದಿರೋದು. ಯಾರಿಗೆ ಹೇಳ್ಬೇಕು ಅಂತ ನೀವು ಹೇಳಿ, ನಾನು ಹೇಳ್ತೀನಿ."

ನಾನು ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ತೋರಿಸಿಕೊಟ್ಟೆ; ಆಕೆ ನನ್ನ ಫೋನಿನಲ್ಲಿಯೇ ತಾನು ಕಂಡದ್ದನ್ನು, ಕಂಡಷ್ಟನ್ನೇ, ಹೇಳಿದಳು. ಆಮೇಲೆ ನಡೆದುದರಲ್ಲಿ ಅದ್ಭುತವೇನೂ ಇಲ್ಲ. ಅಧಿಕಾರಿಗಳು ಬಂದರು, ಹುಡುಗಿಯನ್ನು ವೈದ್ಯರಿಗೆ ತೋರಿಸಿದರು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ ಶಿವಮೊಗ್ಗದ ಬಾಲಮಂದಿರದಲ್ಲಿ ಕೆಲವು ತಿಂಗಳು ಇರಿಸಿ, ಅನಂತರ ಅವಳ ಅಜ್ಜಿಯ ವಶಕ್ಕೆ ಒಪ್ಪಿಸಿದರು. ಹುಡುಗಿ ಶಾಲೆಗೆ ಸೇರಿದಳೆಂದು ತಿಳಿಯಿತು. ಇತ್ತ ಆ ಸಾಲಿನ ನಾಲ್ಕಾರು ಮನೆಯವರು ಮುದುಕಿಯ ಹತ್ತಿರ ಸೊಪ್ಪು ಕೊಳ್ಳುವುದನ್ನು ನಿಲ್ಲಿಸಿದರು. ಇದನ್ನು ನಾನು ಮುಚ್ಚಿಡುವುದಿಲ್ಲ. ಹೇಳುವವರಿಗೆ ಸ್ವಲ್ಪ ನಷ್ಟವುಂಟು. ಆಕೆ ಆ ಬೀದಿಯನ್ನು ಬಿಟ್ಟು ಪಕ್ಕದ ಬೀದಿಗೆ ಹೋದಳು, ಅಷ್ಟೆ. ಅದೇ ಸಾಲಿನಲ್ಲಿ ಪದವೀಧರರಿದ್ದರು, ಸಂಘಸಂಸ್ಥೆಗಳ ಪದಾಧಿಕಾರಿಗಳಿದ್ದರು. ಅವರಿಗೆ ಇಲ್ಲದಿದ್ದ ಯಾವ ವಿದ್ಯೆ ಆ ನಿರಕ್ಷರಿಯಲ್ಲಿತ್ತು? ತಾನು ಕಂಡದ್ದನ್ನು ಕಂಡೆನೆಂದು ಒಪ್ಪಿಕೊಳ್ಳುವ ವಿದ್ಯೆ.

ಮುದುಕಿಯು ಗುರುತಿಸಿದ ಆ ಭೇದವನ್ನು ವೈದ್ಯಶಾಸ್ತ್ರವು ಗುರುತಿಸಲು ಬಹಳ ಕಾಲವೇ ಹಿಡಿಯಿತೆಂದರೆ ತಮಗೆ ಆಶ್ಚರ್ಯವಾದೀತು. 1962ರಲ್ಲಿ ಅಮೆರಿಕದ ಡೆನ್ವರ್ ನಗರದ ಮಕ್ಕಳ ವೈದ್ಯ ಹೆನ್ರಿ ಕೆಂಪೆ ಎಂಬವರು ತಮ್ಮ ಸಂಗಡಿಗರೊಡನೆ ಒಂದು ಪ್ರಬಂಧವನ್ನು ಪ್ರಕಟಿಸಿದರು. "ಬಿದ್ದು ಪೆಟ್ಟಾಯಿತು" ಎಂದು ಹೇಳಿ ಕರೆತಂದ ಕೂಸುಗಳ ಎಕ್ಸ್‌ರೇ ಚಿತ್ರಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಮುರಿದು ಕೂಡಿಕೊಂಡ ಎಲುಬುಗಳು ಕಾಣುತ್ತವೆ; ಇವು ಬಿದ್ದ ಗಾಯಗಳಲ್ಲ, ಹೊಡೆದ ಗಾಯಗಳು ಎಂದು ಅವರು ಬರೆದರು. ಅದನ್ನು ಓದಿ ಆ ದೇಶವು ಬೆಚ್ಚಿತು. ಕೆಲವೇ ವರ್ಷಗಳಲ್ಲಿ, ಇಂಥ ಸಂಶಯ ಬಂದರೆ ವೈದ್ಯರು ಕಡ್ಡಾಯವಾಗಿ ಅಧಿಕಾರಿಗಳಿಗೆ ತಿಳಿಸಬೇಕೆಂಬ ಕಾಯಿದೆಗಳನ್ನು ಅಲ್ಲಿಯ ರಾಜ್ಯಗಳು ಮಾಡಿದವು.

ಅದಕ್ಕೂ ಹಿಂದಿನ ಕಥೆಯೊಂದಿದೆ. 1874ರಲ್ಲಿ ನ್ಯೂಯಾರ್ಕ್ ನಗರದ ಬಡವರ ವಠಾರವೊಂದರಲ್ಲಿ ಮೇರಿ ಎಲೆನ್ ಎಂಬ ಹತ್ತು ವರ್ಷದ ಬಾಲಿಕೆಯನ್ನು ಸಾಕುತಾಯಿ ನಿತ್ಯವೂ ಹೊಡೆಯುತ್ತಿದ್ದಳು. ವಠಾರದವರು ಆ ಸುದ್ದಿಯನ್ನು ಬಡವರ ಮನೆಗಳಿಗೆ ಸೇವೆಗಾಗಿ ಬರುತ್ತಿದ್ದ ಎಟ್ಟಾ ವ್ಹೀಲರ್ ಎಂಬ ಮಹಿಳೆಗೆ ತಿಳಿಸಿದರು. ಆಕೆ ಪೋಲೀಸರನ್ನು ಕೇಳಿದಳು, ಧರ್ಮಸಂಸ್ಥೆಗಳನ್ನು ಕೇಳಿದಳು. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಸಂಘವನ್ನು ಕಟ್ಟಿದ್ದ ಹೆನ್ರಿ ಬರ್ಗ್ ಅವರ ಬಳಿಗೆ ಹೋದಳು. ಅವರ ನೆರವಿನಿಂದ ಮಗು ನ್ಯಾಯಾಲಯಕ್ಕೆ ಬಂದಿತು. ಸಾಕುತಾಯಿಗೆ ಒಂದು ವರ್ಷದ ಸೆರೆಯಾಯಿತು. ಮಕ್ಕಳ ರಕ್ಷಣೆಗಾಗಿಯೇ ಒಂದು ಸಂಘವು ಹುಟ್ಟಿತು. ಕುದುರೆಗೆ ಏಟು ಬಿದ್ದರೆ ಕೇಳಲು ಸಂಘವಿದ್ದ ನಗರದಲ್ಲಿ ಮಗುವಿಗೆ ಏಟು ಬಿದ್ದರೆ ಕೇಳುವವರಿರಲಿಲ್ಲ! ಇಂದು ನಮ್ಮಲ್ಲಿ ಆ ಕೊರತೆಯಿಲ್ಲ. ಕಾಯಿದೆಯಿದೆ, ಸಮಿತಿಯಿದೆ, ದೂರವಾಣಿಯಿದೆ. ಕೊರತೆಯಿರುವುದು ಎಟ್ಟಾ ವ್ಹೀಲರಳಂತೆ ಒಂದು ಬಾಗಿಲು ತೆರೆಯದಿದ್ದರೆ ಇನ್ನೊಂದು ಬಾಗಿಲಿಗೆ ಹೋಗುವವರದು.

ಹಿಂಸಿಸುವವರು ಯಾರು? ಮಕ್ಕಳನ್ನು ಎತ್ತಿಕೊಂಡು ಹೋಗುವ ಗುರುತಿಲ್ಲದ ಗಡ್ಡದವನ ಚಿತ್ರವನ್ನು ನಾವು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇವೆ. ವಾಸ್ತವವು ಬೇರೆ. 2007ರಲ್ಲಿ ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮಂತ್ರಾಲಯವು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ಒಂದು ವರದಿಯನ್ನು ಹೊರತಂದಿತು. ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಯನ್ನು ಅನುಭವಿಸಿದ್ದರು. ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಹಿಂಸೆಯನ್ನು ಕಂಡಿದ್ದರು. ಅಂಥ ಕೃತ್ಯಗಳನ್ನು ಎಸಗಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು, ಅದರ ನಂಬಿಕೆಗೆ ಪಾತ್ರರಾದವರು. ಬಹುಪಾಲು ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ಇಲ್ಲಿ ಗಾದೆಯಾಗಿ ಉಳಿಯುವುದಿಲ್ಲ. ಬೇಲಿಯೊಳಗಿನವರು ಹೇಳಲಾರದುದನ್ನು ಹಾದಿಯಲ್ಲಿ ಹೋಗುವವನೇ ಹೇಳಬೇಕಾಗುತ್ತದೆ.

ಇನ್ನು, ಹೇಳದಿರಲು ನಾವು ಕೊಡುವ ಕಾರಣಗಳನ್ನು ಒಂದೊಂದಾಗಿ ನೋಡೋಣ. ಇವುಗಳಲ್ಲಿ ಯಾವುದೂ ದುಷ್ಟರ ಕಾರಣವಲ್ಲ. ಎಲ್ಲವೂ ಒಳ್ಳೆಯವರ ಕಾರಣಗಳೇ. ಆದುದರಿಂದಲೇ ಅವು ಹೆಚ್ಚು ಅಪಾಯಕರ.

ಮೊದಲನೆಯದು: "ನನ್ನ ಬಳಿ ಪುರಾವೆಯಿಲ್ಲ. ನನ್ನ ಸಂಶಯ ಸುಳ್ಳಾದರೆ ಒಬ್ಬ ನಿರಪರಾಧಿಯ ಮೇಲೆ ಅಪವಾದ ಹೊರಿಸಿದಂತಾಗುವುದಿಲ್ಲವೇ?" ಈ ಅಳುಕು ಗೌರವಕ್ಕೆ ಯೋಗ್ಯವಾದುದು. ಆದರೆ ಕಾಯಿದೆಯು ನಮ್ಮಿಂದ ಪುರಾವೆಯನ್ನು ಕೇಳುವುದೇ ಇಲ್ಲ. 2012ರ ನವೆಂಬರ್ 14ರಂದು ಜಾರಿಗೆ ಬಂದ, ಪೋಕ್ಸೊ ಎಂದು ಎಲ್ಲರೂ ಕರೆಯುವ, ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯಿದೆಯ 19ನೆಯ ಕಲಮು ಹೇಳುವುದಿಷ್ಟು: ಇಂಥ ಅಪರಾಧ ನಡೆದಿದೆಯೆಂದು ತಿಳಿದಿರುವವನು ಮಾತ್ರವಲ್ಲ, ನಡೆಯಬಹುದೆಂಬ ಆತಂಕವಿರುವವನು ಕೂಡ ಪೋಲೀಸರಿಗೆ ತಿಳಿಸತಕ್ಕದ್ದು. ಸದ್ಭಾವನೆಯಿಂದ ತಿಳಿಸಿದವನ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲವೆಂದು ಅದೇ ಕಲಮು ಅಭಯ ಕೊಡುತ್ತದೆ. ದ್ವೇಷದಿಂದ, ಸುಳ್ಳೆಂದು ತಿಳಿದೂ ದೂರು ಕೊಡುವವನಿಗೆ ಶಿಕ್ಷೆಯಿದೆ, ಅದು ಇರಬೇಕಾದದ್ದೇ. ಆದರೆ ತಿಳಿದೂ ಸುಮ್ಮನಿದ್ದವನಿಗೂ ಶಿಕ್ಷೆಯಿದೆ: ಆರು ತಿಂಗಳವರೆಗಿನ ಸೆರೆ ಅಥವಾ ಜುಲ್ಮಾನೆ, ಅಥವಾ ಎರಡೂ. ಸಂಶಯವನ್ನು ಪರೀಕ್ಷಿಸಲು ಪೋಲೀಸರಿದ್ದಾರೆ, ವೈದ್ಯರಿದ್ದಾರೆ, ನ್ಯಾಯಾಧೀಶರಿದ್ದಾರೆ. ಅದು ಅವರ ಕಾಯಕ. ಅವರ ಕಾಯಕಕ್ಕೆ ಬೇಕಾದ ಮೊದಲ ಸುದ್ದಿಯನ್ನು ಮುಟ್ಟಿಸುವುದಷ್ಟೇ ನಮ್ಮದು.

ಸಂಶಯವು ನಿಜವಾಗಿಯೂ ಸುಳ್ಳಾದರೆ? ಅದನ್ನೂ ನಾನು ಕಂಡಿದ್ದೇನೆ. ಶಿವಮೊಗ್ಗದ ಒಂದು ಶಾಲೆಯಲ್ಲಿ ನನಗೆ ಪರಿಚಿತರಾದ ಉಪಾಧ್ಯಾಯಿನಿಯೊಬ್ಬರು, ಹುಡುಗನೊಬ್ಬನ ಕಾಲುಗಳ ಮೇಲೆ ಮತ್ತೆ ಮತ್ತೆ ನೀಲಿಗಟ್ಟಿದ ಕಲೆಗಳನ್ನು ಕಂಡು, ಸಹಾಯವಾಣಿಗೆ ತಿಳಿಸಿದರು. ಹುಡುಗನನ್ನು ಪರೀಕ್ಷಿಸಿದ ವೈದ್ಯರು ಅದು ಹೊಡೆತವಲ್ಲ, ರಕ್ತ ಬೇಗನೆ ಹೆಪ್ಪುಗಟ್ಟದಿರುವ ಒಂದು ಕಾಯಿಲೆ ಎಂದು ಕಂಡುಹಿಡಿದರು. ತಂದೆಗೆ ಬಹಳ ನೋವಾಯಿತು. ಹಲವು ತಿಂಗಳು ಅವರು ಆ ಉಪಾಧ್ಯಾಯಿನಿಯ ಮುಖವನ್ನೇ ನೋಡಲಿಲ್ಲ. ಅದನ್ನು ಆಕೆ ಸಹಿಸಿಕೊಂಡರು. ಆದರೆ ಆ ಹುಡುಗನ ಕಾಯಿಲೆಗೆ ಸಕಾಲದಲ್ಲಿ ಚಿಕಿತ್ಸೆ ಆರಂಭವಾಯಿತು. ಒಂದು ತಟ್ಟೆಯಲ್ಲಿ ದೊಡ್ಡವರೊಬ್ಬರ ಕೆಲವು ತಿಂಗಳ ಮುನಿಸನ್ನೂ ಇನ್ನೊಂದು ತಟ್ಟೆಯಲ್ಲಿ ಮಗುವೊಂದರ ಜೀವವನ್ನೂ ಇಟ್ಟು ತಾವೇ ತೂಗಿ ನೋಡಿ.

ಎರಡನೆಯ ಕಾರಣ: "ಮರ್ಯಾದೆ ಹೋಗುತ್ತದೆ. ಹೆಣ್ಣುಮಗುವಿನ ಮುಂದಿನ ಬಾಳೇನು?" ಈ ಪ್ರಶ್ನೆಯನ್ನು ಕೇಳಿಯೇ ಅನೇಕ ಊರುಗಳಲ್ಲಿ ನಾಲ್ಕು ಜನ ಹಿರಿಯರು ಕೂತು ರಾಜಿ ಮಾಡಿಸುತ್ತಾರೆ. ಮಗುವಿನ ನೋವಿಗೆ ಬೆಲೆ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಮಗುವಿನ ಹೆಸರನ್ನಾಗಲಿ, ವಿಳಾಸವನ್ನಾಗಲಿ, ಶಾಲೆ ಮತ್ತು ನೆರೆಹೊರೆಯ ಗುರುತನ್ನಾಗಲಿ ಪತ್ರಿಕೆಗಳು ಪ್ರಕಟಿಸಕೂಡದೆಂದು ಕಾಯಿದೆಯಲ್ಲಿಯೇ ಇದೆ. ಮಗುವನ್ನು ಠಾಣೆಗೆ ಎಳೆಯಬೇಕಾಗಿಲ್ಲ. ಅದರ ಹೇಳಿಕೆಯನ್ನು ಮನೆಯಲ್ಲಿ, ಅಥವಾ ಅದು ಬಯಸುವ ಸ್ಥಳದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ವಿಚಾರಣೆಯ ಕಾಲದಲ್ಲಿ ಆರೋಪಿಯ ಎದುರಿಗೆ ಮಗುವನ್ನು ನಿಲ್ಲಿಸುವಂತಿಲ್ಲ. ಇಷ್ಟು ಮರೆಯನ್ನು ಕಾಯಿದೆಯು ಕಟ್ಟಿಕೊಟ್ಟಿರುವಾಗ ಮರ್ಯಾದೆಯನ್ನು ಕಳೆಯುವವರು ಯಾರು? ನಲ್ಲಿಯ ಬಳಿಯ, ಹೋಟೆಲಿನ ಮೇಜಿನ ಸುತ್ತಲಿನ ನಮ್ಮ ನಾಲಗೆಗಳೇ. ಹೇಳಬೇಕಾದ ಒಂದು ಕಡೆ ಹೇಳಿ, ಉಳಿದ ಕಡೆಯೆಲ್ಲ ಬಾಯಿ ಕಟ್ಟಿಕೊಂಡರೆ ಮಗುವಿನ ಮಾನ ಉಳಿಯುತ್ತದೆ. ನಾವು ಮಾಡುತ್ತಿರುವುದು ಇದಕ್ಕೆ ನೇರ ವಿರುದ್ಧ.

ಮೂರನೆಯದು: "ಪೋಲೀಸು, ಕೋರ್ಟು, ಅಲೆದಾಟ." ಅಲೆದಾಟವೇ ಇಲ್ಲವೆಂದು ನಾನು ಹೇಳಲಾರೆ. ನ್ಯಾಯಾಲಯವು ಅಪರಾಧವನ್ನು ವಿಚಾರಣೆಗೆ ಕೈಗೆತ್ತಿಕೊಂಡ 30 ದಿನಗಳೊಳಗೆ ಮಗುವಿನ ಸಾಕ್ಷ್ಯವನ್ನು ದಾಖಲಿಸಬೇಕು, ಸಾಧ್ಯವಾದಷ್ಟು ಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆಯನ್ನು ಮುಗಿಸಬೇಕು ಎಂದು ಕಾಯಿದೆ ಹೇಳಿದರೂ ಎಲ್ಲವೂ ಆ ಗಡುವಿನಲ್ಲಿ ಮುಗಿಯುವುದಿಲ್ಲ. ಕರೆ ಬಂದರೆ ಹೋಗಿ ಕಂಡದ್ದನ್ನು ಹೇಳಬೇಕಾಗಬಹುದು. ಆದರೆ ಆರಂಭದ ಹೆಜ್ಜೆ ಈಗ ಬಹಳ ಸುಲಭ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ದೇಶದಾದ್ಯಂತ ಹಬ್ಬಿದ 1098 ಎಂಬ ಮಕ್ಕಳ ಸಹಾಯವಾಣಿಯು ಈಗ ಸರ್ಕಾರದ ಅಧೀನದಲ್ಲಿದ್ದು, ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ತಮ್ಮ ಹೆಸರನ್ನು ಗುಟ್ಟಾಗಿಡುವಂತೆ ಕೇಳಿಕೊಳ್ಳಬಹುದು. ಕೂಡಲೇ ಅಪಾಯವಿದ್ದರೆ 112ಕ್ಕೆ ಕರೆ ಮಾಡಬಹುದು. ಯಾವ ಠಾಣೆಯ ಸರಹದ್ದು ಎಂಬ ಚಿಂತೆಯೂ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧವು ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಭದ್ರಾವತಿಯಲ್ಲಿ ಬಸ್ಸು ಹತ್ತಿದವನು ದಾರಿಯಲ್ಲಿ ಕಂಡದ್ದನ್ನು ಶಿವಮೊಗ್ಗದಲ್ಲಿ ಇಳಿದು ಹೇಳಬಹುದು.

ನಾಲ್ಕನೆಯ ಕಾರಣವನ್ನು ಹೇಳುವಾಗ ನನ್ನ ಲೇಖನಿ ಸ್ವಲ್ಪ ತಡೆಯುತ್ತದೆ. ಆದರೂ ನಮ್ಮಂಥ ಓದುಗರ ನಡುವೆ ಅದನ್ನು ಹೇಳದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. "ಅವರು ದೊಡ್ಡವರು, ಅದು ಹೆಸರಾದ ಸಂಸ್ಥೆ, ಸಂಸ್ಥೆಗೆ ಕಳಂಕ ಬರಬಾರದು" ಎಂಬುದೇ ಆ ಕಾರಣ. ಶಾಲೆ, ವಿದ್ಯಾರ್ಥಿನಿಲಯ, ಅನಾಥಾಲಯ, ಮಠ, ಮಂದಿರ, ಯಾವುದೇ ಆಗಲಿ, ಮಕ್ಕಳು ರಾತ್ರಿ ಮಲಗುವ ಸಂಸ್ಥೆಯ ಗೌರವವು ಆ ಮಕ್ಕಳ ನೆಮ್ಮದಿಯ ನಿದ್ದೆಯಲ್ಲಿದೆ, ಕಟ್ಟಡದ ಕಳಸದಲ್ಲಿಲ್ಲ. ಈ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಎರಡು ಬಾರಿ ಸ್ಪಷ್ಟವಾಗಿ ಮಾತನಾಡಿದೆ. 2013ರ ಏಪ್ರಿಲ್‌ನಲ್ಲಿ ಕೊಟ್ಟ ತೀರ್ಪೊಂದರಲ್ಲಿ, ಶಾಲೆಗಳು, ವಿದ್ಯಾರ್ಥಿನಿಲಯಗಳು ಮೊದಲಾಗಿ ಮಕ್ಕಳು ವಾಸಿಸುವ ಎಲ್ಲ ಸಂಸ್ಥೆಗಳ ಮೇಲ್ವಿಚಾರಕರೂ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ಕಂಡುಬಂದರೆ, ಗೋಪ್ಯತೆಯನ್ನು ಕಾಪಾಡಿಕೊಂಡು ಪೋಲೀಸರಿಗೆ ತಿಳಿಸಬೇಕೆಂದು ವಿಧಿಸಿತು. 2022ರ ನವೆಂಬರ್ 2ರಂದು ಇನ್ನೊಂದು ತೀರ್ಪು ಬಂದಿತು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರಾಜುರಾ ಎಂಬಲ್ಲಿ, ಶಾಲೆಯೊಂದರ ವಿದ್ಯಾರ್ಥಿನಿಲಯದಲ್ಲಿದ್ದ ಗಿರಿಜನ ಬಾಲಿಕೆಯರ ಮೇಲೆ ದೌರ್ಜನ್ಯ ನಡೆದ ಆರೋಪವಿತ್ತು. ಅವರಿಗೆ ಚಿಕಿತ್ಸೆ ನೀಡಿದ ವೈದ್ಯರು ವಿಷಯ ತಿಳಿದೂ ಪೋಲೀಸರಿಗೆ ಹೇಳಲಿಲ್ಲವೆಂಬ ಮೊಕದ್ದಮೆಯನ್ನು ಉಚ್ಚ ನ್ಯಾಯಾಲಯವು ರದ್ದುಗೊಳಿಸಿತ್ತು. ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ತಳ್ಳಿಹಾಕಿ, ತಿಳಿದೂ ವರದಿ ಮಾಡದಿರುವುದು ಗಂಭೀರ ಅಪರಾಧವೆಂದೂ ಅದು ಬಹುಮಟ್ಟಿಗೆ ಅಪರಾಧಿಯನ್ನು ಮರೆಮಾಡುವ ಯತ್ನವೆಂದೂ ಹೇಳಿತು. ಸಂಸ್ಥೆಯ ಹೊಣೆ ಹೊತ್ತವನು ತನ್ನ ಕೈಕೆಳಗಿನವರ ಇಂಥ ಅಪರಾಧವನ್ನು ಮುಚ್ಚಿಟ್ಟರೆ ಅವನಿಗೆ ಒಂದು ವರ್ಷದವರೆಗೆ ಸೆರೆಯುಂಟು ಎಂಬುದನ್ನು ಆಡಳಿತ ಮಂಡಲಿಗಳಲ್ಲಿರುವ ಬಂಧುಗಳು ನೆನಪಿನಲ್ಲಿಡಬೇಕು.

ಮಕ್ಕಳ ಮೇಲಿನ ಅನ್ಯಾಯವೆಲ್ಲ ಕತ್ತಲೆಯಲ್ಲಿಯೇ ನಡೆಯುವುದಿಲ್ಲ. ಓಲಗ ಊದಿಸಿಕೊಂಡು, ಆಹ್ವಾನಪತ್ರಿಕೆ ಹಂಚಿ ನಡೆಯುವ ಅನ್ಯಾಯವೂ ಒಂದುಂಟು. ಅದೇ ಬಾಲ್ಯವಿವಾಹ. ನಮ್ಮ ಶಿವಮೊಗ್ಗ, ಭದ್ರಾವತಿಗಳು ಸೇರಿದ್ದ ಹಳೆಯ ಮೈಸೂರು ಸಂಸ್ಥಾನವು ಈ ವಿಷಯದಲ್ಲಿ ದೇಶಕ್ಕೇ ಮೇಲ್ಪಂಕ್ತಿಯಾಗಿತ್ತು. 1894ರಲ್ಲಿ, ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದವರು ಹದಿನಾಲ್ಕು ತುಂಬದ ಬಾಲಿಕೆಯರನ್ನು ವರಿಸುವುದನ್ನೂ ಮೈಸೂರು ಸರ್ಕಾರವು ನಿಷೇಧಿಸಿತು. ಅಖಿಲ ಭಾರತದ ಶಾರದಾ ಕಾಯಿದೆ ಬಂದದ್ದು ಅದಾದ 35 ವರ್ಷಗಳ ಮೇಲೆ, 1929ರಲ್ಲಿ. ಇಂದು ಹೆಣ್ಣಿಗೆ 18, ಗಂಡಿಗೆ 21. ನ್ಯಾಯಮೂರ್ತಿ ಶಿವರಾಜ ಪಾಟೀಲರ ಅಧ್ಯಕ್ಷತೆಯ ಸಮಿತಿಯು ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹವನ್ನು ತಡೆಯುವ ಬಗೆಯನ್ನು ಕುರಿತು 2011ರಲ್ಲಿ ವರದಿ ಕೊಟ್ಟಿತು. 2017ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯ ಮೇರೆಗೆ ಇಂಥ ಮದುವೆಯು ಆರಂಭದಿಂದಲೇ ಅಸಿಂಧು. ಬಾಲ್ಯವಿವಾಹವನ್ನು ಮಾಡಿಸಿದವರಿಗೆ ಮಾತ್ರವಲ್ಲ, ಅದರಲ್ಲಿ ಪಾಲ್ಗೊಂಡವರಿಗೂ ಶಿಕ್ಷೆಯುಂಟು. ಅಕ್ಷತೆ ಹಾಕಿದ ಕೈಯೂ ಆರೋಪಿಯ ಕೈಯೇ! ಆಹ್ವಾನಪತ್ರಿಕೆ ಕೈಗೆ ಬಂದಾಗ, ಹುಡುಗಿ ಇನ್ನೂ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಳಲ್ಲವೇ ಎಂದು ನೆನಪಾದರೆ, ಮದುವೆಯ ದಿನ ಊಟ ಬಿಟ್ಟು ಬಂದರೆ ಸಾಲದು. ಮದುವೆಗೆ ಮೊದಲೇ 1098ಕ್ಕೆ ತಿಳಿಸಬೇಕು. ಸಾಮೂಹಿಕ ವಿವಾಹಗಳನ್ನು ಏರ್ಪಡಿಸುವ ಸಂಸ್ಥೆಗಳು ವಯಸ್ಸಿನ ದಾಖಲೆಯನ್ನು ಮೊದಲೇ ಪರಿಶೀಲಿಸಿಕೊಂಡರೆ ಪುಣ್ಯಕಾರ್ಯವು ಪುಣ್ಯಕಾರ್ಯವಾಗಿಯೇ ಉಳಿಯುತ್ತದೆ.

ಹಾಗಾದರೆ ಏನನ್ನು ಗಮನಿಸಬೇಕು, ಹೇಗೆ ನಡೆದುಕೊಳ್ಳಬೇಕು? ನಾಲ್ಕು ದಶಕಗಳ ಕಾಲ ಮಕ್ಕಳ ಮುಖವನ್ನೇ ಓದುತ್ತ ಬಂದವನಾಗಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಹೇಳುವ ಕಾರಣಕ್ಕೆ ಹೊಂದದ ಗಾಯ. ಮೇಲಿಂದ ಮೇಲೆ ಆಗುವ ಗಾಯ. ಸೆಖೆಯ ದಿನದಲ್ಲಿಯೂ ತುಂಬುತೋಳು ಹಾಕಿಕೊಂಡು ಬರುವುದು. ಚುರುಕಾಗಿದ್ದ ಮಗು ಇದ್ದಕ್ಕಿದ್ದಂತೆ ಮಂಕಾಗುವುದು. ಶಾಲೆಯ ಗಂಟೆ ಹೊಡೆದರೂ ಮನೆಗೆ ಹೊರಡಲು ಹಿಂಜರಿಯುವುದು. ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡೊಡನೆ ಮುದುಡಿಕೊಳ್ಳುವುದು. ವಯಸ್ಸಿಗೆ ಮೀರಿದ ಮಾತುಗಳನ್ನು ಆಡುವುದು. ಇವುಗಳಲ್ಲಿ ಯಾವುದೊಂದೂ ಸ್ವತಃ ಪುರಾವೆಯಲ್ಲ. ಆದರೆ ಎರಡು ಮೂರು ಕೂಡಿದಾಗ ನಮ್ಮ ಮನಸ್ಸು ಏನನ್ನೋ ಹೇಳುತ್ತದೆ. ಆ ದನಿಯನ್ನು ಅದುಮಬಾರದು.

ಮಗು ತಾನಾಗಿ ಹೇಳಿಕೊಂಡರೆ ಸಮಾಧಾನದಿಂದ ಕೇಳಬೇಕು. "ನಿಜವೇ? ಸುಳ್ಳು ಹೇಳುತ್ತಿಲ್ಲ ತಾನೇ?" ಎಂದು ಪಾಟೀಸವಾಲು ಹಾಕಬಾರದು, ಬಾಯಿಗೆ ಮಾತು ತುರುಕಬಾರದು. "ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ ಮಗು" ಎಂದರೆ ಸಾಕು. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬಾರದು; ಏಕೆಂದರೆ ಹೇಳಲೇಬೇಕಾಗುತ್ತದೆ. ಅದು ಹೇಳಿದ್ದನ್ನು ಅದರ ಮಾತಿನಲ್ಲಿಯೇ, ದಿನಾಂಕದೊಡನೆ ಒಂದು ಚೀಟಿಯಲ್ಲಿ ಬರೆದಿಡಬೇಕು. ಸಂಶಯಕ್ಕೆ ಗುರಿಯಾದವನನ್ನು ಹಿಡಿದು ಹೊಡೆಯುವುದಾಗಲಿ, ಎದುರಿಗೆ ನಿಂತು ಕೇಳುವುದಾಗಲಿ ಕೂಡದು. ಅದರ ಸೇಡು ಮಗುವಿನ ಮೇಲೆಯೇ ತೀರುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆದು ಹತ್ತು ಜನಕ್ಕೆ ಕಳಿಸುವುದಂತೂ ಮಗುವಿಗೆ ಎರಡನೆಯ ಬಾರಿ ಬರೆ ಎಳೆದಂತೆ. ನೇರವಾಗಿ 1098ಕ್ಕೋ ಸಮೀಪದ ಠಾಣೆಗೋ ಹೋಗಬೇಕು. ಲೈಂಗಿಕ ದೌರ್ಜನ್ಯದ ಸುದ್ದಿ ತಲುಪಿದ 24 ಗಂಟೆಗಳೊಳಗೆ ಪೋಲೀಸರು ಅದನ್ನು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ತನ್ನ ವಶದಲ್ಲಿರುವ ಮಗುವನ್ನು ಹೊಡೆದು, ಹಸಿವೆಗೆ ಕೆಡವಿ, ಹಿಂಸಿಸುವವನಿಗೆ 2015ರ ಬಾಲನ್ಯಾಯ ಕಾಯಿದೆಯಲ್ಲಿ ಮೂರು ವರ್ಷದವರೆಗೆ ಸೆರೆಯಿದೆ. ಒಂದು ವಾರ ಕಳೆದರೂ ಏನೂ ನಡೆಯದಿದ್ದರೆ ಮತ್ತೊಮ್ಮೆ ಕೇಳಲು ಸಂಕೋಚಪಡಬಾರದು.

ಶಿಕ್ಷಿಸುವುದಕ್ಕಾಗಿಯೇ ಇಷ್ಟೆಲ್ಲ ಎಂದು ತಾವು ಭಾವಿಸಬಾರದು. ಅನೇಕ ಮನೆಗಳಲ್ಲಿ ಕುಡಿತ, ಸಾಲ, ನಿರುದ್ಯೋಗಗಳೇ ಮಗುವಿನ ಬೆನ್ನ ಮೇಲೆ ಏಟಾಗಿ ಇಳಿಯುತ್ತವೆ. 2015ರಲ್ಲಿ ಕಾಗದದ ಕಾರ್ಖಾನೆ ನಿಂತ ಮೇಲೆ ಭದ್ರಾವತಿಯ ಎಷ್ಟು ಮನೆಗಳಲ್ಲಿ ನೆಮ್ಮದಿ ಕದಡಿತೆಂಬುದನ್ನು ಅಲ್ಲಿರುವ ನಾವು ಬಲ್ಲೆವು. ಅಂಥ ಮನೆಗೆ ಹೊರಗಿನ ಅಧಿಕಾರಿಯೊಬ್ಬರು ಬಂದು ಕೇಳುವುದರಿಂದಲೇ ಕೆಲವೊಮ್ಮೆ ತಂದೆಯ ಕೈ ತಡೆಯುತ್ತದೆ, ತಾಯಿಗೆ ಧೈರ್ಯ ಬರುತ್ತದೆ. ಎಲ್ಲ ದೂರುಗಳೂ ಸೆರೆಮನೆಯಲ್ಲಿ ಮುಗಿಯುವುದಿಲ್ಲ. ಮಗುವನ್ನು ಕುಟುಂಬದಲ್ಲಿಯೇ ಉಳಿಸಿ, ಆ ಕುಟುಂಬವನ್ನು ತಿದ್ದುವ ಪ್ರಯತ್ನವನ್ನು ಮಾಡುವುದಕ್ಕೂ ಸಮಿತಿಗೆ ಅವಕಾಶವಿದೆ. ಆದರೆ ಸುದ್ದಿಯೇ ತಲುಪದಿದ್ದರೆ ಯಾವ ಪ್ರಯತ್ನ ತಾನೇ ನಡೆದೀತು?

ಕೊನೆಯದಾಗಿ, ಹಳೆಯ ವಿದ್ಯಾರ್ಥಿಗಳಾದ ನನ್ನ ಬಂಧುಗಳಲ್ಲಿ ಎರಡು ಸಣ್ಣ ಕೋರಿಕೆಗಳು. ವರ್ಷಕ್ಕೊಮ್ಮೆ ನಾವು ಸೇರುವ ಸಮ್ಮೇಳನದಲ್ಲಿ ಸನ್ಮಾನ, ಭಾಷಣಗಳ ನಡುವೆ ಅರ್ಧ ಗಂಟೆಯನ್ನು ಬಿಡುವು ಮಾಡಿಕೊಂಡು, ಬಲ್ಲ ವಕೀಲರೊಬ್ಬರಿಂದ ಈ ಕಾಯಿದೆಗಳ ಸಾರವನ್ನು ಹೇಳಿಸಬೇಕು. ಎರಡನೆಯದಾಗಿ, ನಮ್ಮ ಪೈಕಿ ಯಾರು ಯಾವ ಶಾಲೆಗೆ, ಯಾವ ವಿದ್ಯಾರ್ಥಿನಿಲಯಕ್ಕೆ ದೇಣಿಗೆ ಕೊಟ್ಟರೂ, ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಮೊದಲು, ಊಟದ ಮನೆಯ ಗೋಡೆಯ ಮೇಲೆ 1098 ಎಂಬ ನಾಲ್ಕು ಅಂಕಿಗಳನ್ನು ದೊಡ್ಡದಾಗಿ ಬರೆಸಬೇಕು. ದೊಡ್ಡವರ ಕಣ್ಣಿನ ಎತ್ತರಕ್ಕೆ ಬೇಡ. ಒಂದನೆಯ ತರಗತಿಯ ಮಗು ತಲೆಯೆತ್ತದೆ ಓದುವಷ್ಟು ಕೆಳಗೆ ಬರೆಸಬೇಕು. ಅದಕ್ಕೆ ತಗಲುವ ಖರ್ಚು ಒಂದು ಡಬ್ಬಿ ಬಣ್ಣ. ತಾವೆಲ್ಲರೂ ಇದನ್ನು ನಡೆಸಿಕೊಡುವಿರೆಂಬ ಭರವಸೆಯಿಂದ ಈ ಲೇಖನವನ್ನು ಇಲ್ಲಿಗೆ ಮುಗಿಸುತ್ತೇನೆ.